ಕಿಲ್ಟ್ ಬಾಡಿಗೆಯಲ್ಲಿ ಆಗುತ್ತಿರುವ ಬದಲಾವಣೆ: ನಮ್ಮ ಕನ್ನಡ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕ ಬಂಧುಗಳೇ,

ಬರುವ ಸೆಪ್ಟೆಂಬರ್ 1ರಿಂದ ನಮ್ಮ ಗ್ಲಾಸ್ಗೋ ಅಂಗಡಿಯಲ್ಲಿ ಮದುವೆಗೆ ಕಿಲ್ಟ್ ಉಡುಪನ್ನು, ಅಂದರೆ ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ ನೆರಿಗೆಯ ಉಡುಪನ್ನು, ಬಾಡಿಗೆಗೆ ಕೊಡುವ ಕ್ರಮ ಬದಲಾಗುತ್ತದೆ. ಪಾಲಿವಿಸ್ಕೋಸ್ ಎಂಬ ಕೃತಕ ನೂಲಿನ, ಐದು ಗಜದ ಕಿಲ್ಟುಗಳನ್ನು ಸಂಪೂರ್ಣವಾಗಿ ತೆಗೆದುಹಾಕುತ್ತಿದ್ದೇವೆ; ಇನ್ನು ಮುಂದೆ ಎಂಟು ಗಜದ ಉಣ್ಣೆಯ ಕಿಲ್ಟುಗಳು ಮಾತ್ರ ಇರುತ್ತವೆ. ಪೂರ್ತಿ ಉಡುಪಿನ ಬಾಡಿಗೆ 85 ಪೌಂಡಿನಿಂದ 110 ಪೌಂಡಿಗೆ ಏರುತ್ತದೆ, ಅದರ ಜೊತೆಗೆ 50 ಪೌಂಡು ಠೇವಣಿ ಇಡಬೇಕಾಗುತ್ತದೆ. ಫೋನಿನಲ್ಲಿ ಹೇಳಿದ ಅಳತೆಗೆ ಉಡುಪು ಕಳುಹಿಸುವ ಪದ್ಧತಿಯೂ ನಿಲ್ಲುತ್ತದೆ: ಮದುವೆಗೆ ಆರು ವಾರ ಮೊದಲು, ವರನಾಗಲಿ ಬೀಗರಾಗಲಿ, ಕಿಲ್ಟ್ ಉಡುವವರೆಲ್ಲರೂ ಒಮ್ಮೆ ಅಂಗಡಿಗೆ ಬಂದು ಅಳತೆ ಕೊಡಬೇಕು. ಈಗಾಗಲೇ ಮುಂಗಡ ಕೊಟ್ಟವರಿಗೆ ಹೊಸ ದರವೂ ಇಲ್ಲ, ಠೇವಣಿಯೂ ಇಲ್ಲ. ಅವರಿಗೆ ಹಳೆಯ ಬಾಡಿಗೆಗೇ ಉಣ್ಣೆಯ ಕಿಲ್ಟನ್ನು ಕೊಡುತ್ತೇವೆ. ವ್ಯತ್ಯಾಸವನ್ನು ನಾವೇ ಭರಿಸುತ್ತೇವೆ.

ಕಾರಣ ಹೇಳುವ ಮೊದಲು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಿದೆ. ಕಳೆದ ಮೇ ತಿಂಗಳಲ್ಲಿ ಲಾಕ್ ಲೋಮಂಡ್ ಸರೋವರದ ದಂಡೆಯಲ್ಲಿ ನಡೆದ ಮದುವೆಗೆ, ವರನ ಪ್ಯಾಂಟಿನ ಸೊಂಟದ ಅಳತೆಯನ್ನು ಫೋನಿನಲ್ಲಿ ಕೇಳಿ ಬರೆದುಕೊಂಡು ಕಿಲ್ಟ್ ಕಳುಹಿಸಿಬಿಟ್ಟೆವು. ಪ್ಯಾಂಟು ನಿಲ್ಲುವುದು ಸೊಂಟದ ಮೂಳೆಯ ಮೇಲೆ. ಕಿಲ್ಟು ನಿಲ್ಲಬೇಕಾದದ್ದು ಹೊಕ್ಕುಳಿನ ಮಟ್ಟದಲ್ಲಿ. ಸಪೂರ ದೇಹದ ಹುಡುಗ, ಹೊಕ್ಕುಳಿನ ಬಳಿ ಅವರ ಅಳತೆ ಮೂರು ಇಂಚು ಕಡಿಮೆ ಇತ್ತು. ಬಕಲುಗಳನ್ನು ಕೊನೆಯ ತೂತಿಗೆ ಎಳೆದು ಕಟ್ಟಿದರೂ ಕಿಲ್ಟು ಜಾರಿ, ಮಂಡಿಚಿಪ್ಪಿನ ಮಧ್ಯಕ್ಕೆ ನಿಲ್ಲಬೇಕಾದ ಅಂಚು ಮೊಣಕಾಲಿನ ಕೆಳಗಿಳಿಯಿತು. ಅದೇ ಮದುವೆಯಲ್ಲಿ ವಧುವಿನ ತಮ್ಮ ಉಟ್ಟಿದ್ದ ಐದು ಗಜದ ಹಗುರ ಕಿಲ್ಟು ಸರೋವರದ ಗಾಳಿಗೆ ನಿಲ್ಲದೆ, ಗುಂಪಿನ ಫೋಟೋ ತೆಗೆಯುವ ಅರ್ಧ ಗಂಟೆ ಆ ಹುಡುಗ ಎರಡೂ ಕೈಗಳಿಂದ ತೊಡೆಯ ಬಳಿ ಬಟ್ಟೆಯನ್ನು ಒತ್ತಿ ಹಿಡಿದುಕೊಂಡೇ ನಿಂತಿದ್ದ. ಆ ಮನೆಯವರಿಗೆ ಬಾಡಿಗೆಯನ್ನು ಪೂರ್ತಿ ಹಿಂತಿರುಗಿಸಿದ್ದೇವೆ. ಅವರು ದೊಡ್ಡ ಮನಸ್ಸಿನಿಂದ ಏನನ್ನೂ ಆಡಲಿಲ್ಲ, ಆದರೆ ಆ ಫೋಟೋಗಳನ್ನು ನಾನು ನೋಡಿದ್ದೇನೆ. ಪಾಲಿವಿಸ್ಕೋಸ್ ಕಿಲ್ಟುಗಳನ್ನು ತರಿಸಿದವನು ನಾನೇ. ಬೇಡವೆಂದು ನನ್ನ ಹೆಂಡತಿ ಆಗಲೇ ಹೇಳಿದ್ದಳು ಎಂಬುದನ್ನೂ ಇಲ್ಲಿ ದಾಖಲಿಸುವುದು ನ್ಯಾಯ.

ಇನ್ನು, ಈ ಒಂದು ವರ್ಷದಲ್ಲಿ ಅಂಗಡಿಯಲ್ಲಿ, ಯುಗಾದಿಯ ಊಟದ ಪಂಕ್ತಿಯಲ್ಲಿ, ರಾಜ್ಯೋತ್ಸವದ ಸಭೆಯಲ್ಲಿ ನಾವು ಕೇಳಿಸಿಕೊಂಡ ಒಂದೇ ದೂರಿಗೆ ಉತ್ತರ ಹೇಳಬೇಕು. "ಇಂಟರ್ನೆಟ್ಟಿನಲ್ಲಿ ಇಷ್ಟೇ ದುಡ್ಡಿಗೆ ಕಿಲ್ಟು, ಜಾಕೆಟ್ಟು, ಸೊಂಟದ ಮುಂದೆ ತೂಗುವ ಸ್ಪೊರನ್ ಚೀಲ, ಶೂ ಎಲ್ಲವೂ ಸ್ವಂತಕ್ಕೇ ಸಿಗುತ್ತವೆ. ಎರಡು ಗಂಟೆ ಉಟ್ಟು ಬಿಚ್ಚುವುದಕ್ಕೆ ನಮ್ಮವರಾಗಿ ನೀವೇ ಇಷ್ಟು ಕೇಳಬಹುದೆ?" ಎನ್ನುವುದು ಆ ದೂರು. ಸಿಗುತ್ತವೆ ಎಂಬುದು ನಿಜ. ಅಗ್ಗದ ಕಿಲ್ಟುಗಳಲ್ಲಿ ಬಹಳಷ್ಟು ಬರುವುದು ಪಾಕಿಸ್ತಾನದ ಸಿಯಾಲ್‌ಕೋಟ್‌ನಿಂದ. ಬ್ಯಾಗ್‌ಪೈಪುಗಳನ್ನೂ ಮಾಡಿ ಪ್ರಪಂಚಕ್ಕೆಲ್ಲ ಕಳುಹಿಸುವ ಊರದು. ಅಲ್ಲಿನ ಕೆಲಸಗಾರರ ಕೈಚಳಕದ ಬಗ್ಗೆ ನಾವು ಹಗುರವಾಗಿ ಮಾತನಾಡುವುದಿಲ್ಲ. ಆದರೆ ಆ ಬೆಲೆಗೆ ಸಿಗುವುದು ಸಾಮಾನ್ಯವಾಗಿ ಅಕ್ರಿಲಿಕ್ ಬಟ್ಟೆ, ಮತ್ತು ನೆರಿಗೆಗಳನ್ನು ಲೆಕ್ಕವಿಲ್ಲದೆ ಮಡಚಿ ಮಿಷನ್ನಿನಲ್ಲಿ ಹೊಲಿದದ್ದು.

ನಮ್ಮ ಕಿಲ್ಟಿನ ಬಟ್ಟೆ ಸ್ಕಾಟ್ಲೆಂಡಿನ ದಕ್ಷಿಣದ ಬಾರ್ಡರ್ಸ್ ಸೀಮೆಯಲ್ಲಿ ನೇಯ್ದ, ಗಜಕ್ಕೆ 13 ಔನ್ಸ್ ತೂಗುವ ಉಣ್ಣೆ. ಕಿಲ್ಟಿನ ಈ ಬಣ್ಣಬಣ್ಣದ ಚೌಕುಳಿ ವಿನ್ಯಾಸಕ್ಕೆ ಟಾರ್ಟನ್ ಎಂದು ಹೆಸರು. ಟಾರ್ಟನ್ನಿನ ಚೌಕುಳಿ ಎಲ್ಲಿಂದ ಎಲ್ಲಿಗೆ ಒಂದು ಸುತ್ತು ಪೂರೈಸುತ್ತದೆಯೋ ಆ ಅಳತೆಗೆ ಇಲ್ಲಿನವರು ಸೆಟ್ ಎನ್ನುತ್ತಾರೆ. ಪ್ರತಿ ನೆರಿಗೆಯನ್ನೂ ಈ ಸೆಟ್ಟಿಗೆ ಸರಿಯಾಗಿ ಮಡಚಿದರೆ ಮಾತ್ರ, ಎಂಟು ಗಜ ಬಟ್ಟೆ ಬೆನ್ನಿನ ಹಿಂದೆ ಮಡಿಕೆಯಾಗಿ ಕೂತಮೇಲೂ ಚೌಕುಳಿ ಎಲ್ಲೂ ಮುರಿಯದೆ ಮುಂಭಾಗದ ಹಾಗೆಯೇ ಕಾಣಿಸುತ್ತದೆ. ಆ ನೆರಿಗೆಗಳ ತೂಕವೇ ಕಿಲ್ಟನ್ನು ಗಾಳಿಯಲ್ಲಿ ನಿಲ್ಲಿಸುವುದು. ಇಷ್ಟನ್ನೂ ಕೈಯಲ್ಲಿ ಹೊಲಿಯಲು 20 ಗಂಟೆಗೂ ಹೆಚ್ಚು ಕಾಲ ಹಿಡಿಯುತ್ತದೆ. ಈ ದೇಶದಲ್ಲಿ ಗಂಟೆಗೆ 11.44 ಪೌಂಡಿದ್ದ ಕನಿಷ್ಠ ವೇತನ 2025ರ ಏಪ್ರಿಲಿನಲ್ಲಿ 12.21 ಪೌಂಡಾಯಿತು, ಆ ಲೆಕ್ಕದಲ್ಲಿಯೇ ಒಂದು ಕಿಲ್ಟಿನ ಹೊಲಿಗೆ ಕೂಲಿ 244 ಪೌಂಡು ದಾಟುತ್ತದೆ, ಬಟ್ಟೆಯ ಬೆಲೆ ಅದಕ್ಕೆ ಸೇರಿಲ್ಲ. ನಮಗೆ ಹೊಲಿದುಕೊಡುವ ಹಿರಿಯ ಹೆಂಗಸಿಗೆ ಕನಿಷ್ಠ ವೇತನ ಕೊಟ್ಟು ಕೈತೊಳೆದುಕೊಳ್ಳುವಷ್ಟು ಸಣ್ಣವರೂ ನಾವಲ್ಲ.

ಎರಡು ಗಂಟೆ ಎನ್ನುವ ಮಾತೂ ಪೂರ್ತಿ ಸರಿಯಲ್ಲ. ಶನಿವಾರದ ಮದುವೆಗೆ ಉಡುಪು ಗುರುವಾರ ಅಂಗಡಿ ಬಿಡುತ್ತದೆ, ಮರಳುವುದು ಸೋಮವಾರವೋ ಮಂಗಳವಾರವೋ. ಬಂದ ಮೇಲೆ ನೆರಿಗೆಗಳನ್ನೆಲ್ಲ ಉದ್ದಕ್ಕೂ ದಾರ ಹಾಕಿ ಹಿಡಿಸಿ, ಡ್ರೈಕ್ಲೀನಿಗೆ ಕೊಟ್ಟು, ಒಂದೊಂದೇ ನೆರಿಗೆಗೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿ, ದಾರ ಬಿಚ್ಚುವಷ್ಟರಲ್ಲಿ ಮುಂದಿನ ಗುರುವಾರ ಬಂದಿರುತ್ತದೆ. ಅಂದರೆ ವಾರಕ್ಕೆ ಒಂದು ಕಿಲ್ಟು ಒಂದೇ ಮನೆಗೆ. ಇದರ ಮೇಲೆ ನಮ್ಮವರ ಪಂಚಾಂಗ ಬೇರೆ: ಇಲ್ಲಿ ಬಿಸಿಲು ಚೆನ್ನಾಗಿರುವ ಹೊತ್ತಿಗೆ ನಮಗೆ ಆಷಾಢ, ಯಾರೂ ಬರುವುದಿಲ್ಲ, ಶ್ರಾವಣ ಹುಟ್ಟಿದ ಕೂಡಲೇ ಎಲ್ಲರಿಗೂ ಅದೇ ಶನಿವಾರ ಬೇಕು. ಕೊಟ್ಟ ಪ್ರತಿ ಆರು ಪೌಂಡಿನಲ್ಲಿ ಒಂದು ಪೌಂಡು ವ್ಯಾಟ್ ಆಗಿ ಸರ್ಕಾರಕ್ಕೆ ಹೋಗುತ್ತದೆ ಎಂಬುದನ್ನು ಬಾಡಿಗೆ ಕೇಳಿ ಹುಬ್ಬೇರಿಸುವವರು ದಯವಿಟ್ಟು ಗಮನಿಸಬೇಕು.

ಠೇವಣಿಯ ವಿಚಾರಕ್ಕೆ ಬಂದರೆ, ಅದು ಅಪನಂಬಿಕೆಯಿಂದ ಇಟ್ಟದ್ದಲ್ಲ, ಅರಿಶಿನದಿಂದ ಬಂದದ್ದು. ಇದನ್ನು ಇಲ್ಲಿನ ಬೇರೆ ಗ್ರಾಹಕರಿಗೆ ವಿವರಿಸಲು ನಮಗೆ ಮಾತು ಸಾಲದು, ತಮಗೆ ಒಂದೇ ಮಾತು ಸಾಕು. ಅರಿಶಿನ ಉಣ್ಣೆಗೆ ತಾಗಿದರೆ ಅದು ಕಲೆಯಲ್ಲ, ಬಣ್ಣವೇ. ಹತ್ತಿಗಿಂತ ಗಟ್ಟಿಯಾಗಿ ಉಣ್ಣೆ ಅದನ್ನು ಹಿಡಿದುಕೊಳ್ಳುತ್ತದೆ. ಕೆಲವರು ಸಂಕೋಚದಿಂದ, ನಮಗೆ ಹೇಳದೆ, ರಾತ್ರಿಯೇ ಸೋಪು ಹಾಕಿ ತಿಕ್ಕುತ್ತಾರೆ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಓಕುಳಿ ಕೆಂಪಾಗುವುದು ಹೇಗೋ ಹಾಗೆಯೇ ಸೋಪಿನ ಕ್ಷಾರಕ್ಕೂ ಅದು ಕೆಂಪಾಗುತ್ತದೆ. ಕಳೆದ ವರ್ಷ ಕೆನೆ ಬಣ್ಣದ ಉಣ್ಣೆಯ ಕಾಲುಚೀಲ ಒಂದು ಜೊತೆ, ಹಿಮ್ಮಡಿಯಿಂದ ಮೀನಖಂಡದವರೆಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿ, ನೀಟಾಗಿ ಮಡಚಿಕೊಂಡು ವಾಪಸು ಬಂತು. ಸ್ಪೊರನ್ ಚೀಲದೊಳಗಿಂದ ಅಕ್ಷತೆ ಕಾಳು ಸಿಗದ ಮದುವೆಯೇ ಇಲ್ಲ. ಅದಕ್ಕೆ ನಾವು ಬೇಸರಿಸುವುದಿಲ್ಲ, ಶುಭವೇ ಆಯಿತು. ಕಲೆ ಬಿದ್ದರೆ ಮುಟ್ಟದೆ ಹಾಗೆಯೇ ತಂದುಕೊಡಿ. ತಾವಾಗಿ ತೊಳೆಯದೆ ತಂದುಕೊಟ್ಟ ಉಡುಪಿನಲ್ಲಿ ಎಷ್ಟೇ ಅರಿಶಿನವಿದ್ದರೂ ಠೇವಣಿಯಿಂದ ಒಂದು ಪೆನ್ನಿಯನ್ನೂ ಮುರಿದುಕೊಳ್ಳುವುದಿಲ್ಲ.

ಬಾಡಿಗೆ ಏರಿಸಿದ ಮೇಲೆ ನಾವೂ ಏನಾದರೂ ಹೆಚ್ಚು ಕೊಡಬೇಕಷ್ಟೆ. ಇನ್ನು ಮುಂದೆ ವರನಿಗೆ ಒಂದೇ ಬಾಡಿಗೆಯಲ್ಲಿ ಎರಡು ಜಾಕೆಟ್ ಕೊಡುತ್ತೇವೆ. ಕಪ್ಪು ಬೋ ಟೈ ಜೊತೆ ಹಾಕುವ, ಮೂರು ಗುಂಡಿಯ ವೇಸ್ಟ್‌ಕೋಟಿನ ಗಿಡ್ಡ ಪ್ರಿನ್ಸ್ ಚಾರ್ಲಿ ಜಾಕೆಟ್ ಮೂಲತಃ ಸಂಜೆಯ ಉಡುಪು. ಅದನ್ನು ಬೆಳಗಿನ ಹನ್ನೊಂದು ಗಂಟೆಗೇ ಹಾಕುವುದು ಈಗ ಎಲ್ಲೆಡೆ ರೂಢಿಯಾಗಿದೆ, ತಪ್ಪೆಂದು ಯಾರೂ ಹೇಳುವುದಿಲ್ಲ. ಆದರೂ ಹಗಲಿನ ಕಾರ್ಯಕ್ರಮಕ್ಕೆ ಆರ್ಗೈಲ್ ಜಾಕೆಟ್ಟೇ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಹಟ, ಅದರಲ್ಲೂ ಬೂದು ಬಣ್ಣದ ಟ್ವೀಡಿನದು. ಧಾರೆ ಮುಗಿದು ಪಂಚೆ ಬಿಚ್ಚಿದ ಮೇಲೆ ಊಟಕ್ಕೆ ಆರ್ಗೈಲ್, ರಾತ್ರಿಯ ಆರತಕ್ಷತೆಗೆ ಪ್ರಿನ್ಸ್ ಚಾರ್ಲಿ; ಕಿಲ್ಟು ಮಾತ್ರ ಅದೇ. ಮಂಟಪದಲ್ಲಿ ಚರ್ಮ ಬೇಡವೆನ್ನುವ ಮನೆಗಳಿಗಾಗಿ ಬಟ್ಟೆ ಹಾಗೂ ಕೃತಕ ತುಪ್ಪಳದಿಂದ ಮಾಡಿದ ಸ್ಪೊರನ್ನುಗಳನ್ನು ತರಿಸಿದ್ದೇವೆ. ಮೊದಲೇ ತಿಳಿಸಿದರೆ ಸಾಕು. ಊರಿಗೆ ಹೋಗಿ ಮದುವೆಯಾಗುವ ಸ್ಕಾಟಿಷ್ ವರರಿಗಾಗಿ, ಮೈಸೂರಿನ ಏಪ್ರಿಲನ್ನು ನೆನೆದು, 11 ಔನ್ಸಿನ ಹಗುರ ಉಣ್ಣೆಯ ಕೆಲವು ಕಿಲ್ಟುಗಳನ್ನೂ ಇಟ್ಟುಕೊಂಡಿದ್ದೇವೆ. ಕಾಲುಚೀಲದಲ್ಲಿ ಸಿಕ್ಕಿಸುವ ಸ್ಕೀಯನ್ ಡೂ ಎಂಬ ಕಿರುಗತ್ತಿಯನ್ನು ರಾಷ್ಟ್ರೀಯ ಉಡುಪಿನ ಭಾಗವಾಗಿ ಧರಿಸಲು ಇಲ್ಲಿನ ಕಾನೂನು ಬಿಡುತ್ತದೆ, ವಿಮಾನದ ಕೈಚೀಲದಲ್ಲಿ ಮಾತ್ರ ಬಿಡುವುದಿಲ್ಲ. ಅದನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ.

"ಸ್ಕಾಟ್ಲೆಂಡಿನವರ ಹಾಗೆ ನಮಗೆ ಯಾವ ಕ್ಲ್ಯಾನೂ, ಅಂದರೆ ಕುಲವೂ, ಇಲ್ಲವಲ್ಲ, ಯಾವ ಟಾರ್ಟನ್ ಉಡಬೇಕು?" ಎಂದು ಅಳುಕುವವರಿಗೆ ಈ ಮೊದಲೂ ಹೇಳಿದ್ದೇವೆ: ತಡೆಯುವ ಕಾನೂನು ಯಾವುದೂ ಇಲ್ಲ. ಸೈನ್ಯದಿಂದ ಬಂದ ಬ್ಲ್ಯಾಕ್ ವಾಚ್ ಟಾರ್ಟನ್ ಆಗಲಿ, ನೇರಳೆ ಹಸಿರಿನ ಐಲ್ ಆಫ್ ಸ್ಕೈ ಆಗಲಿ ಯಾರು ಬೇಕಾದರೂ ಉಡಬಹುದು. ರಾಜಮನೆತನಕ್ಕೆಂದೇ ಮೀಸಲಾದ ಬಾಲ್ಮೋರಲ್ ನಮ್ಮಲ್ಲಿ ಇಲ್ಲ, ಕೇಳಬೇಡಿ. ಇಲ್ಲಿನ ಸಿಖ್ಖರು ಸಿಂಗ್ ಹೆಸರಿನಲ್ಲಿ ತಮ್ಮದೇ ಟಾರ್ಟನ್ ಮಾಡಿಸಿಕೊಂಡಿದ್ದಾರೆ. ನಮ್ಮವರೂ ಒಂದನ್ನು ಮಾಡಿಸಿ ಎಡಿನ್‌ಬರೋದ ಸರ್ಕಾರಿ ಟಾರ್ಟನ್ ದಾಖಲೆಯಲ್ಲಿ ನೋಂದಾಯಿಸಬೇಕೆಂಬುದು ನನ್ನ ಹಳೆಯ ಆಸೆ, ಅದು ಹಾಗಿರಲಿ. ಮಂಡ್ಯದಿಂದ ಬಂದಿದ್ದ ವರನ ತಂದೆಯೊಬ್ಬರು, 1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಹತ್ತಿದ ಸೈನ್ಯದಲ್ಲಿ ಸ್ಕಾಟ್ಲೆಂಡಿನ ಹೈಲ್ಯಾಂಡ್ ಸೀಮೆಯ ರೆಜಿಮೆಂಟುಗಳೂ ಇದ್ದವೆಂದು ಎಲ್ಲೋ ಓದಿಕೊಂಡು ಬಂದು, ಸೈನ್ಯದವರು ಉಟ್ಟ ಯಾವ ಟಾರ್ಟನ್ನೂ ತಮಗೆ ಬೇಡವೆಂದರು. ಅವರು ಓದಿದ್ದು ಸರಿಯಾಗಿಯೇ ಇತ್ತು. ಸ್ಕೈ ದ್ವೀಪದ್ದನ್ನು ಉಡಿಸಿ ಕಳುಹಿಸಿದೆವು. ಆ ಮನೆಯವರೆಲ್ಲರಿಗಿಂತ ಅವರಿಗೇ ಅದು ಚೆನ್ನಾಗಿ ಒಪ್ಪಿತ್ತು.

ಅಳತೆಗೆ ಬರುವಾಗ ಸಾಧಾರಣ ಅಂಗಿ ತೊಟ್ಟು ಬನ್ನಿ, ಊಟ ಮಾಡಿಕೊಂಡೇ ಬನ್ನಿ. ಹಸಿದ ಹೊಟ್ಟೆಯಲ್ಲಿ ಅಳತೆ ಕೊಟ್ಟು ಮದುವೆಯ ಊಟದ ನಂತರ ಬಕಲ್ ಬಿಚ್ಚಿಕೊಂಡು ಕೂತವರನ್ನು ಕಂಡಿದ್ದೇವೆ. ಹೊಕ್ಕುಳ ಸುತ್ತ, ಪೃಷ್ಠದ ಸುತ್ತ, ಹೊಕ್ಕುಳಿನಿಂದ ಮಂಡಿಚಿಪ್ಪಿನ ಮಧ್ಯದವರೆಗೆ: ಮೂರೇ ಅಳತೆ, ಹತ್ತು ನಿಮಿಷದ ಕೆಲಸ. ಉಡುವ ಕ್ರಮವನ್ನೂ ಅಲ್ಲಿಯೇ ತೋರಿಸಿಕೊಡುತ್ತೇವೆ. ಸೀರೆಗೆ ನೆರಿಗೆ ಮುಂದೆ, ಕಿಲ್ಟಿಗೆ ಹಿಂದೆ. ಚಪ್ಪಟೆಯಾದ ಭಾಗ ಮುಂದಕ್ಕೆ ಬಂದು ಅಂಚು ಬಲಗಡೆ ಮುಗಿಯಬೇಕು. ಆ ಅಂಚಿಗೆ ಹಾಕುವ ಪಿನ್ನನ್ನು ಮೇಲಿನ ಪದರಕ್ಕೆ ಮಾತ್ರ ಚುಚ್ಚಬೇಕು, ಎರಡನ್ನೂ ಸೇರಿಸಿ ಚುಚ್ಚಿದರೆ ಕೂತು ಏಳುವಾಗ ಬಟ್ಟೆ ಹರಿಯುತ್ತದೆ. ಅಬರ್‌ಡೀನ್, ಇನ್ವರ್‌ನೆಸ್ಸಿನಂಥ ದೂರದ ಊರುಗಳಿಂದ ಬರಲಾಗದವರಿಗಾಗಿ ತಿಂಗಳಿಗೊಂದು ಭಾನುವಾರ ನಾವೇ ಅಳತೆಪಟ್ಟಿ ಹಿಡಿದು ಅತ್ತ ಬರುತ್ತೇವೆ, ಅದಕ್ಕೆ ಬೇರೆ ಹಣ ಇಲ್ಲ.

ಹೊಸ ದರ ಯಾರಿಗಾದರೂ ನಿಜವಾಗಿಯೂ ಭಾರವಾದರೆ, ಬೇರೆಯವರ ಮೂಲಕ ಹೇಳಿಸದೆ, ಅಂಗಡಿ ಮುಚ್ಚುವ ಹೊತ್ತಿಗೆ ನನ್ನನ್ನೋ ನನ್ನ ಹೆಂಡತಿಯನ್ನೋ ನೇರವಾಗಿ ಕಂಡು ಮಾತನಾಡಿ. ಮದುವೆ ಮನೆಯವರನ್ನು ಈ ಅಂಗಡಿ ಬರಿಗೈಲಿ ಕಳುಹಿಸಿದ್ದಿಲ್ಲ ಎಂಬುದನ್ನು ತಮಗೆ ನಾವು ಹೇಳಬೇಕಾಗಿಲ್ಲ. ಸೆಪ್ಟೆಂಬರಿನ ಮೂರನೆಯ ಮತ್ತು ನಾಲ್ಕನೆಯ ಶನಿವಾರಗಳಿಗೆ ದೊಡ್ಡ ಅಳತೆಯ ಕಿಲ್ಟುಗಳು ಈಗಾಗಲೇ ಮುಗಿದಿವೆ. ಆ ದಿನಗಳಲ್ಲಿ ಮದುವೆ ಇಟ್ಟುಕೊಂಡವರು ಈ ವಾರವೇ ಬಂದು ಅಳತೆ ಕೊಡಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಅಂಗಡಿಯ ಪರವಾಗಿ ದಂಪತಿಗಳು, ಗ್ಲಾಸ್ಗೋ