ತಡೆದವರು ಯಾರು, ಗೆದ್ದವರು ಯಾರು

ಮಾನ್ಯರೇ,

ಅಮೆರಿಕದ ಮೊದಲ ಕಪ್ಪು ಮಹಿಳಾ ಫೆಡರಲ್ ನ್ಯಾಯಾಧೀಶೆ ಕಾನ್‌ಸ್ಟೆನ್ಸ್ ಬೇಕರ್ ಮಾಟ್ಲಿ. ವಕೀಲೆಯಾಗಿ ಸುಪ್ರೀಂ ಕೋರ್ಟಿನಲ್ಲಿ ಹತ್ತು ಮೊಕದ್ದಮೆಗಳನ್ನು ವಾದಿಸಿ ಒಂಬತ್ತರಲ್ಲಿ ಗೆದ್ದವರು. 1966ರ ಜನವರಿಯಲ್ಲಿ ಅಧ್ಯಕ್ಷ ಜಾನ್ಸನ್ ಅವರನ್ನು ನ್ಯೂಯಾರ್ಕಿನ ಫೆಡರಲ್ ಜಿಲ್ಲಾ ನ್ಯಾಯಾಲಯಕ್ಕೆ ಹೆಸರಿಸಿದರು. ಸೆನೆಟ್ ನ್ಯಾಯಾಂಗ ಸಮಿತಿಯ ಮುಖ್ಯಸ್ಥ, ಮಿಸಿಸಿಪ್ಪಿಯ ಈಸ್ಟ್‌ಲೆಂಡ್ ಆ ಕಡತವನ್ನು ತಿಂಗಳುಗಟ್ಟಲೆ ಅಲುಗಾಡಲು ಬಿಡಲಿಲ್ಲ. ಅದೇ ಮಿಸಿಸಿಪ್ಪಿಯ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿ ಜೇಮ್ಸ್ ಮೆರೆಡಿತ್‌ಗೆ ಪ್ರವೇಶ ಕೊಡಿಸಲು ಹೋರಾಡಿದ ವಕೀಲೆ ಇವರೇ ಅಲ್ಲವೇ! ನೇಮಕಕ್ಕೆ ಸೆನೆಟ್‌ನ ಒಪ್ಪಿಗೆ ಸಿಕ್ಕಿದ್ದು ಆಗಸ್ಟ್‌ನಲ್ಲಿ.

1975ರಲ್ಲಿ ಲಿಂಗ ತಾರತಮ್ಯದ ಪ್ರಕರಣವೊಂದರಿಂದ ಹಿಂದೆ ಸರಿಯುವಂತೆ ಪ್ರತಿವಾದಿಗಳು ಅವರನ್ನು ಕೇಳಿದರು. ಲಿಂಗ, ಜನಾಂಗವೇ ಅಡ್ಡಿಯೆಂದಾದರೆ ಯಾವ ನ್ಯಾಯಾಧೀಶರೂ ಇದನ್ನು ವಿಚಾರಣೆ ಮಾಡಲಾಗದು ಎಂದು ಮಾಟ್ಲಿ ನಿರಾಕರಿಸಿದರು. ನಮ್ಮ ಕಾನೂನು ಕಾಲೇಜುಗಳಲ್ಲಿ ಆ ಆದೇಶವನ್ನು ಓದಿಸಬೇಕು.

— ಕಾನೂನು ಉಪನ್ಯಾಸಕಿ, ಧಾರವಾಡ