ಮಸಿಕುಡಿಕೆ ಉಜ್ಜುವ ಮೊದಲು

ಚಿ. ಸುಹಾಸನಿಗೆ ಮೈಸೂರಿನಿಂದ ನಿನ್ನ ಸೋದರಮಾವನ ಆಶೀರ್ವಾದಗಳು.

ಬರ್ಮಿಂಗ್‌ಹ್ಯಾಮಿನ ಹಳೇ ಸಾಮಾನಿನ ಸಂತೆಯಲ್ಲಿ ನೀನು ಕೊಂಡ ಬೆಳ್ಳಿ ಮಸಿಕುಡಿಕೆಯ ಫೋಟೊ ನೋಡಿದೆ. ಕಪ್ಪಾಗಿದೆ, ಉಜ್ಜಿ ಫಳಫಳ ಮಾಡ್ತೀನಿ ಅಂದಿದ್ದೀಯ. ಸ್ವಲ್ಪ ತಡಿ.

ನಮ್ಮಪ್ಪನ ಮೇಜಿನ ಮೇಲೊಂದು ಬೆಳ್ಳಿ ಹಿಡಿಯ ಪೇಪರ್ ನೈಫ್, ಅಂದರೆ ಲಕೋಟೆ ಬಿಡಿಸುವ ಚಾಕು ಇತ್ತು. ಹಬ್ಬ ಬಂದಾಗಲೆಲ್ಲ ದೇವರ ದೀಪಗಳ ಜೊತೆ ಅದನ್ನೂ ವಿಭೂತಿ ಹಾಕಿ ತಿಕ್ಕುತ್ತಿದ್ದೆ, ಭಾರೀ ಶ್ರದ್ಧೆಯಿಂದ. ಬೆಳ್ಳಿಯ ಮೇಲೆ ಒತ್ತಿದ್ದ ಪುಟ್ಟ ಮುದ್ರೆಗಳೆಲ್ಲ ಸವೆದು ಈಗ ಬೆರಳಿಗೆ ಬರೀ ತಗ್ಗು ಸಿಗುತ್ತದೆ. ಯಾವ ಊರಿನದು, ಯಾವ ವರ್ಷದ್ದು ಅಂತ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಆ ಮುದ್ರೆಗಳೇ ಬೆಳ್ಳಿ ಸಾಮಾನಿನ ಜಾತಕ ಕಣೋ. ನಿನ್ನ ಕುಡಿಕೆಯ ಮೇಲಿನವನ್ನು ಭೂತಗನ್ನಡಿ ಹಿಡಿದು ನೋಡು. ಕಾಲೆತ್ತಿ ನಡೆಯುವ ಸಿಂಹವಿದ್ದರೆ ಸ್ಟರ್ಲಿಂಗ್, ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಚಿರತೆಯ ಮುಖ ಲಂಡನ್ನಿನದು. ಲಂಗರು ನೀನಿರುವ ಊರಿನದೇ. ಅಲ್ಲಿ 1773ರಿಂದ ಬೆಳ್ಳಿ ಪರೀಕ್ಷಿಸಿ ಮುದ್ರೆ ಒತ್ತುತ್ತಿದ್ದಾರೆ. ಸಮುದ್ರವೇ ಇಲ್ಲದ ಊರಿಗೆ ಲಂಗರು! ಪಕ್ಕದ ಒಂಟಿ ಅಕ್ಷರ ವರ್ಷ ಹೇಳುತ್ತದೆ. ಆದರೆ ಅದೇ ಅಕ್ಷರ ಇಪ್ಪತ್ತು ಇಪ್ಪತ್ತೈದು ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ ಅಕ್ಷರದ ವಿನ್ಯಾಸವನ್ನೂ ಸುತ್ತಲ ಚೌಕಟ್ಟಿನ ಆಕಾರವನ್ನೂ ಆ ಊರಿನ ವರ್ಷಾಕ್ಷರಗಳ ಪಟ್ಟಿಯೊಡನೆ ತಾಳೆ ನೋಡಬೇಕು. ರಾಜನದೋ ರಾಣಿಯದೋ ತಲೆಯೂ ಇದ್ದರೆ ಸಾಮಾನ್ಯವಾಗಿ 1784ರಿಂದ 1890ರ ನಡುವಿನದು, ಸುಂಕ ಕಟ್ಟಿದ ಗುರುತು.

ಇ.ಪಿ.ಎನ್.ಎಸ್. ಅಂತಿದ್ದರೆ ಅದು ನಿಕ್ಕಲ್ ಬೆರೆತ ಲೋಹಕ್ಕೆ ಕೊಟ್ಟ ಬೆಳ್ಳಿ ನೀರು. ಇಟ್ಟುಕೋ, ಬೆಳ್ಳಿಯ ಬೆಲೆ ಮಾತ್ರ ಕೊಡಬೇಡ. ಕೈಗೆ ಭಾರ ಬಂತು ಅಂತಲೂ ಮರುಳಾಗಬೇಡ. ಟೊಳ್ಳು ಹಿಡಿಗಳಲ್ಲಿ ರಾಳ ತುಂಬಿರುತ್ತಾರೆ, ಬಿಸಿನೀರಿಗೆ ಹಾಕಿದರೆ ಹಿಡಿಯೇ ಸಡಿಲವಾಗುತ್ತದೆ.

ಬೆಳ್ಳಿ ಹಿಡಿಗೆ ದಂತದ ಪಟ್ಟಿ ಕೂಡಿಸಿದ, ಪುಟ ತಿರುವುವ ಸಾಧನವೂ ಕಣ್ಣಿಗೆ ಬಿದ್ದೀತು. ನೋಡಿ ಬಿಟ್ಟುಬಿಡು. ಅಲ್ಲಿ ದಂತದ ವ್ಯಾಪಾರಕ್ಕೆ 2022ರಿಂದ ಬಿಗಿ ಕಾನೂನು ಜಾರಿಯಲ್ಲಿದೆ. ಊರಿಗೆ ತಂದರೆ ಕಸ್ಟಮ್ಸಿನವರ ಹತ್ತಿರ ನಿಂತು ಬೆವರಬೇಕು.

ಮಸಿಕುಡಿಕೆಯನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಬೇಡ, ರಬ್ಬರ್ ಬ್ಯಾಂಡ್ ಹಾಕಬೇಡ. ಅವುಗಳ ಗಂಧಕ ತಾಗಿದರೆ ಬೆಳ್ಳಿ ಇನ್ನೂ ಬೇಗ ಕಪ್ಪಾಗುತ್ತದೆ. ಹಳೇ ಹತ್ತಿ ಪಂಚೆಯ ತುಂಡಿನಿಂದ ಮೆಲ್ಲಗೆ ಒರೆಸು, ಮುದ್ರೆ ಇರುವ ಕಡೆ ಅದೂ ಬೇಡ. ಒಳಗಿನ ಗಾಜಿನ ಕುಡಿಕೆ ಬಿರುಕು ಬಿಟ್ಟಿದೆಯೋ ನೋಡಿ ತಿಳಿಸು.

ನೀನು ಕಳಿಸಿದ ಫೋಟೊದಲ್ಲಿ ಲಂಗರೇನೋ ಕಾಣುತ್ತದೆ, ಅಕ್ಷರ ಮಸುಕು. ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ಇನ್ನೊಂದು ತೆಗೆದು ಕಳಿಸು. ಬೆಲೆ ಎಷ್ಟು ಅಂತ ನಿಮ್ಮಮ್ಮ ಕೇಳಿದಳು; ನಾನಂತೂ ಹೇಳಿಲ್ಲ.

ಇಂತಿ,
ನಿನ್ನ ಮಾವ