ತಪ್ಪು ಡ್ರಾಯಿಂಗ್ ಸರಿಪಡಿಸಲು ಮತ್ತೆ ಹಣ ಕೇಳಿರುವ ಬಗ್ಗೆ ದೂರು

ಇವರಿಗೆ:
ವ್ಯವಸ್ಥಾಪಕರು, ಕಸ್ಟಮ್ ಡಿಸೈನ್ ವಿಭಾಗ

ಮಾನ್ಯರೇ,

ಹಸಿ ಅಡಿಕೆ ಸುಲಿಯುವ ಯಂತ್ರದ ಡಿಸೈನ್ ಮಾಡಿಕೊಡಿ ಎಂದು ನಿಮಗೆ ಪೂರ್ತಿ ಹಣ ಮೊದಲೇ ಕೊಟ್ಟಿದ್ದೆ. ನೀವು ಕಳಿಸಿದ ಡ್ರಾಯಿಂಗ್ ಇಟ್ಟುಕೊಂಡು ಯಂತ್ರ ಕಟ್ಟಲು ಆಗುವುದಿಲ್ಲ. ತಪ್ಪು ತೋರಿಸಿದರೆ ‘ರಿವಿಷನ್ ಚಾರ್ಜ್ ಕಟ್ಟಿ’ ಎಂದು ಉತ್ತರ ಬಂದಿದೆ. ನಿಮ್ಮ ತಪ್ಪಿಗೆ ನಾನ್ಯಾಕೆ ದುಡ್ಡು ಕೊಡಲಿ?

ಮೊದಲು ಮೋಟಾರಿನ ವಿಷಯ. ಯಂತ್ರ ಓಡಬೇಕಾದದ್ದು ತೀರ್ಥಹಳ್ಳಿ ಕಡೆಯ ಬೆಳೆಗಾರರ ಮನೆಯಂಗಳದಲ್ಲಿ, ಅಲ್ಲಿರುವುದು ಸಿಂಗಲ್ ಫೇಸ್ ಎಂದು ಆರ್ಡರ್‌ನಲ್ಲೇ ಬರೆದಿದ್ದೆ. ನೀವು ತ್ರೀ ಫೇಸ್ ಮೋಟಾರು ಹಾಕಿದ್ದೀರಿ. ಮರ ಹತ್ತುವ ಕೊನೆಗಾರರು ಹಗಲು ಇಳಿಸಿದ ಗೊನೆ ಅಂಗಳಕ್ಕೆ ಬಂದ ಮೇಲೆ ಸುಲಿಯುವ ಕೆಲಸ ರಾತ್ರಿಯವರೆಗೂ ನಡೆಯುತ್ತದೆ. ಪಂಪ್‌ಸೆಟ್ಟಿನ ತ್ರೀ ಫೇಸ್ ಬರಲಿ ಎಂದು ಕಾಯುತ್ತಾ ಕೂರಲು ಆಗುತ್ತದಾ?

ಶಾಫ್ಟ್‌ನ ತಪ್ಪು ಅದಕ್ಕಿಂತ ದೊಡ್ಡದು. 6205 ಬೇರಿಂಗಿನ ಒಳವ್ಯಾಸ 25 ಮಿ.ಮೀ. ಅದು ಕೂರುವ ಜಾಗಕ್ಕೆ ಕೆ6 ಫಿಟ್ (ಬೇರಿಂಗ್ ಜಾರದಂತೆ ಕೂರಿಸುವ ಅಳತೆಯ ಮಿತಿ) ಕೊಟ್ಟರೆ ಶಾಫ್ಟ್ 25.002ರಿಂದ 25.015ರ ಒಳಗಿರಬೇಕು. ನಿಮ್ಮ ಡ್ರಾಯಿಂಗ್‌ನಲ್ಲಿ 25 ± 0.1 ಎಂದಿದೆ. ಟರ್ನರ್ 24.9 ಮಾಡಿಕೊಟ್ಟರೂ ಲೆಕ್ಕದಲ್ಲಿ ಅವರದು ಸರಿ. ಅಂಥ ಶಾಫ್ಟ್ ಮೇಲೆ ಬೇರಿಂಗಿನ ಒಳರಿಂಗ್ ಜಾರುತ್ತದೆ, ಶಾಫ್ಟ್ ಸವೆಯುತ್ತದೆ, ಯಂತ್ರ ಅದುರತೊಡಗುತ್ತದೆ. 25.1 ಆದರೆ ಹೊಡೆದು ಕೂರಿಸಬೇಕು, ಬೇರಿಂಗೇ ಹಾಳು. ಕಬ್ಬಿಣ ಲೇತ್‌ಗೆ ಏರುವ ಮೊದಲೇ ಇದು ಕಣ್ಣಿಗೆ ಬಿತ್ತು, ಇಲ್ಲದಿದ್ದರೆ ನಷ್ಟ ಇನ್ನೂ ಜಾಸ್ತಿ ಆಗುತ್ತಿತ್ತು.

‘ಅನುಭವಿ ಮೆಕ್ಯಾನಿಕಲ್ ಇಂಜಿನಿಯರ್ ಪರಿಶೀಲಿಸಿದ ಡ್ರಾಯಿಂಗ್’ ಎಂದು ನಿಮ್ಮ ಕೊಟೇಶನ್‌ನಲ್ಲಿದೆ. ಹಾಳೆಯ ಬಲಮೂಲೆಯಲ್ಲಿ ‘ಚೆಕ್ಡ್ ಬೈ’ ಜಾಗ ಖಾಲಿ ಇದೆ. ನಾನೂ ಮೆಕ್ಯಾನಿಕಲ್ ಓದಿದವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಡ್ರಾಯಿಂಗ್ ತುಂಬ ಹಿರಿಯರ ಕೆಂಪು ಪೆನ್ನಿನ ಗೀಟುಗಳೇ ಇರುತ್ತಿದ್ದವು. ಫಿಟ್, ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಎಂಬ ಮಿತಿ) ಎಲ್ಲ ಕಲಿತದ್ದು ಹಾಗೆ. ನಿಮ್ಮಲ್ಲಿ ಹೊಸಬರಿಗೆ ಅಷ್ಟು ಹೇಳಿಕೊಡುವವರು ಇಲ್ಲವೆಂದರೆ ಅವರ ಕಲಿಕೆಯೂ ಹಾಳು, ನಮ್ಮ ಕೆಲಸವೂ ಹಾಳು. ಹಾಗಾಗಿ ಇದನ್ನು ಡ್ರಾಯಿಂಗ್ ಮಾಡಿದ ಹುಡುಗನ ಅಥವಾ ಹುಡುಗಿಯ ತಲೆಗೆ ಕಟ್ಟಬೇಡಿ. ನೋಡಿ ಸಹಿ ಹಾಕಬೇಕಿದ್ದವರು ಯಾರು ಎಂದು ತಿಳಿಸಿ.

ಕೊಯ್ಲು ಹತ್ತಿರ ಬಂದಿದೆ. ಸಿಂಗಲ್ ಫೇಸ್ ಮೋಟಾರಿಗೆ ಹೊಂದುವ, ಪ್ರತಿ ಬೇರಿಂಗ್ ಜಾಗಕ್ಕೂ ಸರಿಯಾದ ಟಾಲರೆನ್ಸ್ ಇರುವ ಡ್ರಾಯಿಂಗ್ ಮತ್ತು ಅದರ 3ಡಿ ಮಾದರಿಯ ಸ್ಟೆಪ್ ಫೈಲನ್ನು 7 ದಿನದೊಳಗೆ ಕಳಿಸಿ. ಅದಕ್ಕೆ ಒಂದು ರೂಪಾಯಿಯೂ ಜಾಸ್ತಿ ಕೊಡುವುದಿಲ್ಲ. ಆಗುವುದಿಲ್ಲ ಎಂದಾದರೆ ಪೂರ್ತಿ ಹಣ ವಾಪಸ್ ಮಾಡಿ. ಎರಡೂ ಆಗದಿದ್ದರೆ ವಕೀಲರ ಮೂಲಕ ನೋಟಿಸ್ ಕಳಿಸುತ್ತೇನೆ.

ಇಂತಿ,
ವರ್ಕ್‌ಶಾಪ್ ಮಾಲೀಕ
ಮಾಚೇನಹಳ್ಳಿ, ಶಿವಮೊಗ್ಗ